ಕಫೀಲ್

ರೂವಿಯ ಟೈಪಿಂಗ್ ಸೆಂಟರಿನಲ್ಲಿ ಹತ್ತೊಂಬತ್ತು ವರ್ಷ
ಕಂಡವರ ಅರ್ಜಿ ತುಂಬಿಸಿದ ಬೆರಳು ಇವು.
ಮೊದಲ ಖಾನೆ ಹೆಸರು, ಎರಡನೆಯದು ಕಫೀಲ್.
ಕಫೀಲನಿಲ್ಲದವನಿಗೆ ಇಲ್ಲಿ ನೆರಳಿಲ್ಲ,
ನೆರಳಿದ್ದರೂ ಅದಕ್ಕೆ ಬತಾಕ ಇಲ್ಲ.

ಶುಕ್ರವಾರ ಕೊಂಕಣಿ ಪೂಜೆ ಮುಗಿದು
ಇಗರ್ಜಿಯ ಪಾರ್ಕಿಂಗಿನಲ್ಲಿ ಬಿಸಿ ಕಾರಿಗೆ ಬೆನ್ನು ತಾಗಿಸದೆ ನಿಂತಾಗ
ಹಿಲಾರಿ ಸಿಕ್ವೇರಾ ಕೇಳಿದ:
ನಮ್ಮ ಬೊನಾನ ಹೆಸರಲ್ಲಿ ರೋಮಿಗೆ ಒಂದು ಅರ್ಜಿ ಹಾಕಿದರೆ ಹೇಗೆ?
ಸತ್ತು ಐದು ವರ್ಷ ಕಾಯಬೇಕಂತೆ,
ಮೊನ್ನೆಯ ಮೊಂತಿ ಹಬ್ಬಕ್ಕೆ ಅದೂ ತುಂಬಿತು.

ಬೊನವೆಂಚರ್ ಕ್ರಾಸ್ತಾ.
ವಾದಿ ಕಬೀರಿನ ಕ್ಯಾಂಪಿನಲ್ಲಿ ಇನ್ನೂರು ಜನಕ್ಕೆ ಅನ್ನ ಬೇಯಿಸುತ್ತಿದ್ದವ.

ನಕ್ಕೆ. ಆದರೂ ಹೊಸ ಫೈಲು ತೆರೆದೆ.
ಮೊದಲು ದೇವರ ಸೇವಕ, ಅದು ವಿಸಿಟ್ ವೀಸಾ ಇದ್ದ ಹಾಗೆ.
ಆಮೇಲೆ ಪೂಜ್ಯ: ಇಡೀ ಬಾಳು ಜಾಲಾಡಿ,
ಬರೆದ ಚೀಟಿ ಚಪಾಟಿಯನ್ನೂ ಓದುತ್ತಾರೆ.
ಒಂದು ಪವಾಡಕ್ಕೆ ಧನ್ಯ, ಇನ್ನೊಂದಕ್ಕೆ ಸಂತ.
ಕಾಯಿಲೆ ವಾಸಿಯಾದದ್ದು ಹೇಗೆಂದು ನಮಗೆ ತಿಳಿಯಲಿಲ್ಲ
ಎಂದು ಡಾಕ್ಟರರು ಸಹಿ ಹಾಕಬೇಕು.
ತಿಳಿಯಲಿಲ್ಲ ಎಂದು ಡಾಕ್ಟರರು ಒಪ್ಪುವ ಕಾಗದ
ಲೋಕದಲ್ಲಿ ಅದೊಂದೇ ಇರಬೇಕು.
ಹಿಂದೆ ಸೈತಾನನ ವಕೀಲನೂ ಇದ್ದನಂತೆ,
ಕೊಂಕು ತೆಗೆಯುವುದೇ ಕಸುಬು.
ಆ ಹುದ್ದೆ ನಾನೇ ಹಿಡಿದೆ.

ಬರೆದುಕೊಳ್ಳಿ. ಬೊನಾ ಕುಡಿಯುತ್ತಿದ್ದ.
ಮೆಸ್ಸಿನ ಎಣ್ಣೆ ಡಬ್ಬ ಎರಡು ಸಲ ಮಾರಿದ್ದ.
ಪ್ರಸಂಗ ಶುರುವಾದರೆ ಹೊರಗೆ ಬೀಡಿ.
ನನ್ನ ಹನ್ನೆರಡು ರಿಯಾಲ್
ಇವತ್ತಿನವರೆಗೆ ಬಂದಿಲ್ಲ.

ಉಪ್ಪಳದ ಸುಲೈಮಾನ್, ಕ್ರೇನ್ ಓಡಿಸುವವ, ಸಾಕ್ಷಿ ನುಡಿದ:
ತಮ್ಮನ ಮಯ್ಯತ್ತು ಹದಿನೆಂಟು ದಿನ ಐಸಿನಲ್ಲಿ.
ಮ್ಯಾನೇಜರನ ಫೋನು ಬಂದ್.
ಬೊನಾ ಗಂಜಿ ಪಾತ್ರೆ ಹೊತ್ತು ಆ ಆಫೀಸಿನ ಮೆಟ್ಟಿಲಲ್ಲಿ ಕುಳಿತ,
ಮಾತಿಲ್ಲ ಕತೆಯಿಲ್ಲ,
ಮಧ್ಯಾಹ್ನವಾದರೆ ಅಲ್ಲೇ ಬಡಿಸಿ ಅಲ್ಲೇ ಉಂಡ.
ನಾಲ್ಕನೆಯ ದಿನ ಸಹಿ ಬಿತ್ತು.

ಮೊಫಿಜುಲ್ ಒಂದು ನೋಟುಪುಸ್ತಕ ತಂದ.
ಬೊನಾ ಕಾರ್ಗೋ ಗೇಟಿನವರೆಗೆ ಹೋಗಿ ಕಳಿಸಿಕೊಟ್ಟವರು, ಮೂವತ್ತೊಂದು ಹೆಸರು.
ಹೆಸರಿನ ಮುಂದೆ ಮತ ಇಲ್ಲ, ಊರಿಲ್ಲ:
ತಂಬಿದುರೈ, ಹುಳಿ ಜಾಸ್ತಿ.
ಗುರ್ಮೇಜ್, ಅನ್ನ ಆಗದು, ರೊಟ್ಟಿ.
ಇಲ್ಯಾಸ್, ಮೀನಿನ ತಲೆ ಇವನಿಗೇ.
ಇದೆಲ್ಲ ಯಾಕೆ ಎಂದು ಕೇಳಿದ್ದಕ್ಕೆ,
ಅಲ್ಲಿ ಅಡುಗೆ ಯಾರದೋ ಏನೋ,
ಹೋದಾಗ ಹೇಳಬೇಕಲ್ಲ, ಎಂದಿದ್ದನಂತೆ.

ಈಗ ಅವನ ಸೌಟು ಕ್ಯಾಂಪಿನ ಗೋಡೆಯಲ್ಲಿ ಮೊಳೆಗೆ ತೂಗುತ್ತಿದೆ.
ಮೆಡಿಕಲ್ಲಿಗೆ ಹೋಗುವ ಹುಡುಗರು ಮುಟ್ಟಿ ಹೋಗುತ್ತಾರೆ,
ಎಕ್ಸ್‌ರೇಯಲ್ಲಿ ಎದೆ ಸ್ವಚ್ಛ ಬರಲೆಂದು.
ಅವರಿಗೆ ರೋಮು ಎಲ್ಲಿದೆಯೆಂದೂ ಗೊತ್ತಿಲ್ಲ.

ಪವಾಡ? ಇದೆ, ಎಂದ ಹಿಲಾರಿ, ದನಿ ತಗ್ಗಿಸಿ.
ಬೊನಾನ ಪೆಟ್ಟಿಗೆ ಒಂದೇ ದಿನದಲ್ಲಿ ಹೋಯಿತು.
ಪೊಲೀಸು, ಆಸ್ಪತ್ರೆ, ರಾಯಭಾರ ಕಚೇರಿ, ಕಾರ್ಗೋ,
ಸಹಿಯೆಲ್ಲ ಒಂದೇ ಮಧ್ಯಾಹ್ನ,
ಅದೂ ಗುರುವಾರ ಮಧ್ಯಾಹ್ನ.

ಪಾರ್ಕಿಂಗಿನಲ್ಲಿ ಯಾರೂ ಉಸಿರೆತ್ತಲಿಲ್ಲ.
ಗುರುವಾರ ಮಧ್ಯಾಹ್ನ ಎಂದರೇನು
ಗಲ್ಫಿನಲ್ಲಿ ಒಂದು ವಾರ ಬಾಳಿದವನಿಗೂ ಗೊತ್ತು.

ಆದರೆ ನಾನು ಸೈತಾನನ ವಕೀಲ.
ಕೌಂಟರಿನಲ್ಲಿದ್ದ ಹುಡುಗನ ಅಪ್ಪ
ಅದೇ ಕ್ಯಾಂಪಿನ ವಾಚ್‌ಮನ್ ಆಗಿದ್ದ, ಬೊನಾನ ಸಾರು ಉಂಡವ.
ಆವತ್ತಿನ ಕಾಗದ ಟೈಪು ಮಾಡಿದ್ದು ನಾನೇ,
ಒಂದಕ್ಷರ ತಪ್ಪಲಿಲ್ಲ, ಕಾಸು ಕೇಳಲಿಲ್ಲ.
ಕಾರಣ ಇದೆ, ಆದ್ದರಿಂದ ಪವಾಡವಲ್ಲ
ಎಂದು ಬರೆದೆ.
ಬರೆದದ್ದನ್ನು ತುಂಬ ಹೊತ್ತು ನೋಡಿದೆ.

ಯಾವುದಕ್ಕೆ ಪಾಲಕ ಎಂದು ಹಾಕಲಿ?
ಕಳೆದ ವಸ್ತುಗಳು ಅಂತೋನಿಯವು.
ಹಿಲಾರಿ ಎಂದ: ಪೇಪರ್ ಆಗದವರಿಗೆ.

ಅಂಗಡಿ ಮುಚ್ಚಿದ ಮೇಲೆ ನನ್ನದೊಂದು ಅರ್ಜಿ ತೆರೆದಿದ್ದೇನೆ.
ಈ ಕೆಲಸ ಇನ್ನು ಊರಿನ ಮಕ್ಕಳಿಗೆ, ನ್ಯಾಯವೇ.
ಮೂವತ್ತು ದಿನ ಕೊಟ್ಟಿದ್ದಾರೆ, ಒಂಬತ್ತು ಉಳಿದಿವೆ.
ಹೆಸರು ತುಂಬಿದೆ.
ಎರಡನೆಯ ಖಾನೆಯಲ್ಲಿ ಗೆರೆ ಮಿಟುಕುತ್ತಿದೆ, ಮಿಟುಕುತ್ತಿದೆ.

ಬೊನಾ,
ಆ ಹನ್ನೆರಡು ರಿಯಾಲ್ ಇದೆಯಲ್ಲ,
ನೆನಪಿದೆಯಾ?